ಊರಿಗೆ ಹೋಗವ್ರೆ

ನಮ್ಮ ಬೀದಿಯಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಇದು: ಮಾರಿಸೆಲ್ ಎನ್ನುವ ಪಾಪದ ಪರದೇಶಿ ಹೆಂಗಸನ್ನು ಪೊಲೀಸಿನವರು ಗುಬ್ಬಿಯಿಂದ ತುಮಕೂರಿಗೆ, ತುಮಕೂರಿನಿಂದ ಗುಬ್ಬಿಗೆ ಅಲೆಸಿ ಅಲೆಸಿ ಹಣ್ಣು ಮಾಡಿದರು, ಕಡೆಗೆ ಬೀದಿಯವರೆಲ್ಲ ಒಗ್ಗಟ್ಟಾಗಿ ನಿಂತು ಅವಳನ್ನು ಪಾರು ಮಾಡಿದರು. ಅಂಗಡಿ ಸಿದ್ದಣ್ಣನ ಹತ್ತಿರ ಸಕ್ಕರೆ ಕೊಳ್ಳಲು ಹೋದವರಿಗೆ ಈ ಕಥೆ ಪುಕ್ಕಟೆಯಾಗಿ ಸಿಗುತ್ತದೆ. ಕೇಳಿದವರು ಸರ್ಕಾರಿ ಆಫೀಸು ಅಂದರೆ ಅಷ್ಟೇ ಬಿಡಿ ಎಂದು ತಲೆಯಾಡಿಸಿ ಹೋಗುತ್ತಾರೆ. ಸಕ್ಕರೆಯ ತೂಕವನ್ನು ತಕ್ಕಡಿಗೆ ಬಗ್ಗಿ ಬಗ್ಗಿ ನೋಡುವ ಈ ಜನ, ಕಥೆಯ ತೂಕವನ್ನು ಮಾತ್ರ ಯಾಕೆ ನೋಡುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಈ ಕಥೆಯಲ್ಲಿ ನಿಜವಾಗಿರುವುದು ಮಾರಿಸೆಲ್ ಎಂಬ ಹೆಸರು, ಗುಬ್ಬಿ-ತುಮಕೂರು ಎಂಬ ಊರುಗಳು ಮತ್ತು ಬೀದಿಯವರ ಒಗ್ಗಟ್ಟು. ಒಗ್ಗಟ್ಟೇನೋ ಇತ್ತು. ಅದೇ ತೊಂದರೆ.

ನಾನು ಸರ್ಕಾರದ ವಕೀಲಳಲ್ಲ. ತುಮಕೂರಿನಲ್ಲಿ ಕಾನೂನು ಓದುತ್ತಿರುವುದು ನಿಜ. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು ಇನ್ನೂ ಕೆಳಗಿಳಿದಿಲ್ಲ ಎಂದು ನಮ್ಮಮ್ಮ ಬಂದವರಿಗೆಲ್ಲ ಹೇಳುವುದೂ ನಿಜ. ಸರ್ಕಾರಿ ಕಚೇರಿಗಳು ಜನಸ್ನೇಹಿಯಾಗಿವೆ ಎಂಬ ವಿಷಯದ ಮೇಲೆ ಒಂದು ಕಾಲೇಜಿನಲ್ಲಿ ಪರವಾಗಿಯೂ ಇನ್ನೊಂದರಲ್ಲಿ ವಿರೋಧವಾಗಿಯೂ ಮಾತಾಡಿ ಎರಡೂ ಕಡೆ ಮೊದಲ ಬಹುಮಾನ ತಂದಿದ್ದೇನೆ. ಎರಡೂ ಕಡೆ ನಾನು ಹೇಳಿದ್ದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಹಾಗಾಗಿ ಈ ವಿಷಯದಲ್ಲಿ ನನ್ನಷ್ಟು ನಿಷ್ಪಕ್ಷಪಾತಿ ಸಾಕ್ಷಿ ನಿಮಗೆ ಜಿಲ್ಲೆಯಲ್ಲೇ ಸಿಗಲಾರದು.

ಮಾರಿಸೆಲ್ ಫಿಲಿಪ್ಪೀನ್ಸ್ ದೇಶದವಳು. ನಮ್ಮೂರ ಹೊರಗೆ ತೆಂಗಿನಕಾಯಿ ತುರಿದು, ಒಣಗಿಸಿ, ಪುಡಿ ಮಾಡಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಯೊಂದಿದೆ. ಪುಡಿಯ ಗುಣಮಟ್ಟ ನೋಡಿಕೊಳ್ಳುವ ಕೆಲಸ ಅವಳದು. ಮೊದಲು ಅದೇ ಮಾಲೀಕರ ಕುಣಿಗಲ್ ಘಟಕದಲ್ಲಿದ್ದಳು. ಲಾಡ್ಜಿನಲ್ಲಿ ವಾಸ, ಭಾನುವಾರ ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಹೋಗಿ ಮೀನು ತಿಂದು ಬರುವುದು. ಗುಬ್ಬಿಗೆ ಹಾಕಿದ ಮೇಲೆ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಳು. ಗುಬ್ಬಿಯವರಿಗೆ ತೆಂಗಿನಕಾಯಿ ವಿಷಯ ಹೇಳಿಕೊಡಲು ಸಮುದ್ರ ದಾಟಿ ಒಬ್ಬಳು ಬರಬೇಕೇ ಎಂದು ಬೀದಿ ಮೂಗು ಮುರಿಯಿತು. ನಮ್ಮಜ್ಜಿಯಂತೂ ಪರೀಕ್ಷೆಯನ್ನೇ ಇಟ್ಟಳು. ಎರಡು ಕಾಯಿ ಅವಳ ಮುಂದಿಟ್ಟು, ಕೆಟ್ಟಿರುವುದು ಯಾವುದು ಎಂದು ಸನ್ನೆಯಲ್ಲಿ ಕೇಳಿದಳು. ಮಾರಿಸೆಲ್ ಎರಡನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಎರಡೂ ಚೆನ್ನಾಗಿವೆ ಎಂದಳು. ಒಡೆದರೆ ಒಂದು ಕೊಳೆತಿತ್ತು. ಅಜ್ಜಿಗೆ ಎಲ್ಲಿಲ್ಲದ ಸಂತೋಷ. ಪರದೇಶದಿಂದ ಬಂದವಳೂ ತಪ್ಪು ಮಾಡುತ್ತಾಳೆ ಎಂದಮೇಲೆ ಅವಳನ್ನು ಪ್ರೀತಿಸಲು ಇನ್ನೇನು ಅಡ್ಡಿ? ಅವತ್ತಿನಿಂದ ಅವಳು ಮಾರಕ್ಕ. ಅಜ್ಜಿ ಇಷ್ಟಲಿಂಗ ಪೂಜೆ ಮಾಡದೆ ನೀರೂ ಮುಟ್ಟದವಳು, ಮನೆಯಲ್ಲಿ ಮೀನಿನ ಮಾತು ಎತ್ತುವ ಹಾಗಿಲ್ಲ. ಅದಕ್ಕೆ ಎದುರು ಮನೆಯ ನೂರ್ ಆಂಟಿ ಪರಿಹಾರ ಕಂಡುಹಿಡಿದರು. ಮೀನಿನ ದಿನ ಮಾರಕ್ಕ ಅವರ ಅಡುಗೆಮನೆಗೆ, ಉಳಿದ ದಿನ ನಮ್ಮ ಅಡುಗೆಮನೆಗೆ. ಹೀಗೆ ಬೀದಿ ಅವಳನ್ನು ಎರಡು ಮನೆಗೆ ಪಾಲು ಮಾಡಿಕೊಂಡಿತು.

ಹೊರದೇಶದವರು ಮನೆ ಬದಲಾಯಿಸಿದರೆ ಪೊಲೀಸಿಗೆ ತಿಳಿಸಬೇಕು, ಅವಧಿ ಮುಗಿಯುವ ಮೊದಲು ವಾಸದ ಪರವಾನಗಿ ಮುಂದುವರಿಸಿಕೊಳ್ಳಬೇಕು. ಅರ್ಜಿ ಕಂಪ್ಯೂಟರಿನಲ್ಲೇ ಹಾಕುವುದು. ತುಮಕೂರಿನ ಪೊಲೀಸ್ ಕಚೇರಿಯಲ್ಲಿ ವಿದೇಶಿಯರ ವಿಭಾಗದವರು ಅದನ್ನು ನೋಡಿ, ನಮ್ಮೂರ ಠಾಣೆಗೆ ಕಳಿಸುತ್ತಾರೆ. ಠಾಣೆಯಿಂದ ಒಬ್ಬರು ಬಂದು, ಈ ವ್ಯಕ್ತಿ ಈ ಮನೆಯಲ್ಲಿ ಇರುವುದು ನಿಜವೇ ಎಂದು ಅಕ್ಕಪಕ್ಕ ವಿಚಾರಿಸಿ ವರದಿ ಕೊಟ್ಟರೆ ಮುಗಿಯಿತು. ಮಾಮೂಲಿ ಕೆಲಸ. ಆದರೆ ಮಾರಿಸೆಲ್‌ಗೆ ಈ ಸಲ ಮಾಮೂಲಿಯಾಗಿರಲಿಲ್ಲ. ಊರಿನಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದ ಮಗಳು ಲೀಸಾ ಪ್ರೈಮರಿ ಮುಗಿಸುತ್ತಿದ್ದಳು. ಅವರ ದೇಶದಲ್ಲಿ ಅದಕ್ಕೊಂದು ಸಮಾರಂಭ. ಮಗುವಿನ ಜೊತೆ ತಾಯಿಯೂ ವೇದಿಕೆ ಹತ್ತಿ ತನ್ನ ಕೈಯಾರೆ ಮೆಡಲ್ ಹಾಕಬೇಕು. ಮಾರಿಸೆಲ್ ಟಿಕೆಟ್ ತೆಗೆದಾಗಿತ್ತು. ಪರವಾನಗಿ ಸಿಗದೆ ಹೋದರೆ ವಾಪಸ್ ಬರುವ ಹಾಗಿಲ್ಲ, ಕೆಲಸ ಹೋಯಿತು. ಕೆಲಸ ಉಳಿಸಿಕೊಳ್ಳಲು ಇಲ್ಲೇ ಕೂತರೆ ವೇದಿಕೆಯ ಮೇಲೆ ಲೀಸಾ ಪಕ್ಕದಲ್ಲಿ ಯಾರೂ ಇಲ್ಲ.

ಕಚೇರಿಗೆ ಅವಳ ಜೊತೆ ಹೋದವಳು ನಾನು. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾದ ಸಿದ್ಧ ಮಾಡಿಕೊಂಡೆ. ನಾಳೆ ಬನ್ನಿ ಎಂದರೆ ಇದು ಉತ್ತರ, ಸರ್ವರ್ ಡೌನ್ ಎಂದರೆ ಅದು ಉತ್ತರ, ಚಹಾಕ್ಕೆ ಏನಾದರೂ ಎಂದರೆ ಕಾಯಿದೆಯ ಕಲಮಿನ ಸಮೇತ ಉತ್ತರ. ಅಲ್ಲಿ ಕೂತಿದ್ದ ಮೇಡಮ್ ನಮ್ಮನ್ನು ಕೂರಿಸಿ, ಕಾಗದ ನೋಡಿ, ಎಲ್ಲ ಸರಿಯಾಗಿದೆ, ಠಾಣೆಯಿಂದ ವರದಿ ಬಂದ ಕೂಡಲೇ ಮಾಡಿಕೊಡುತ್ತೇನೆ, ನೀವು ಮತ್ತೆ ಬರುವ ಅಗತ್ಯವೇ ಇಲ್ಲ ಎಂದರು. ಕುಡಿಯಲು ನೀರು ಬೇಕೇ ಎಂದೂ ಕೇಳಿದರು. ಎದುರಾಳಿಯೇ ಬಾರದ ಚರ್ಚಾಸ್ಪರ್ಧೆಯಲ್ಲಿ ಗೆದ್ದವರ ಮುಖ ಹೇಗಿರುತ್ತದೋ ಹಾಗೆ ನಾನು ಹೊರಗೆ ಬಂದೆ. ನಿಜ ಹೇಳಬೇಕೆಂದರೆ ನನಗೆ ಆ ಮೇಡಮ್ ಮೇಲೆ ಸ್ವಲ್ಪ ಸಿಟ್ಟೇ ಬಂದಿತ್ತು.

ಇಲ್ಲಿ ನಮ್ಮ ಬೀದಿಯ ಒಂದು ಪದ್ಧತಿ ಹೇಳಬೇಕು. ಖಾಕಿ ಹಾಕಿಕೊಂಡು, ಅಥವಾ ಕಂಕುಳಲ್ಲಿ ಫೈಲು ಇಟ್ಟುಕೊಂಡು ಯಾರಾದರೂ ಬಂದು ಇಂಥವರು ಇದ್ದಾರಾ ಎಂದು ಕೇಳಿದರೆ, ಬೀದಿಯ ಒಂದನೇ ಮನೆಯಿಂದ ಕೊನೇ ಮನೆಯವರೆಗೆ ಒಂದೇ ಉತ್ತರ: ‘ಊರಿಗೆ ಹೋಗವ್ರೆ.’ ಯಾವ ಊರು ಎಂದು ಕೇಳಿದರೆ ‘ಗೊತ್ತಿಲ್ಲ ಸಾ’. ಯಾವಾಗ ಬರುತ್ತಾರೆ ಎಂದರೂ ‘ಗೊತ್ತಿಲ್ಲ ಸಾ’. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ನಮ್ಮ ತಾತನ ಕಾಲದಲ್ಲಿ ಸಾಲದ ಜಪ್ತಿಗೆ ಕೋರ್ಟಿನ ಅಮೀನ ಬಂದಾಗ ತಾತ ಒಳಗೆ ಮುದ್ದೆ ನುಂಗುತ್ತಿದ್ದರಂತೆ. ಹೊರಗೆ ಬೀದಿಯವರು ಅವರನ್ನು ಊರಿಗೆ ಕಳಿಸಿದ್ದರಂತೆ. ಫೈನಾನ್ಸಿನವರು, ಕರೆಂಟ್ ಕೀಳಲು ಬಂದವರು, ಜನಗಣತಿಗೆ ಬಂದ ಟೀಚರು, ಎಲ್ಲರಿಗೂ ಇದೇ ಪ್ರಸಾದ. ಪಿಯುಸಿಯಲ್ಲಿದ್ದಾಗ ನನ್ನನ್ನು ರಾಜ್ಯಮಟ್ಟದ ಸ್ಪರ್ಧೆಗೆ ಕರೆಯಲು ಸಂಘಟಕರೊಬ್ಬರು ಮನೆ ಹುಡುಕಿಕೊಂಡು ಬಂದಿದ್ದರು. ಬಿಳಿ ಷರಟು, ಕೈಯಲ್ಲಿ ಫೈಲು. ನಾನು ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದೆ. ನನ್ನನ್ನೂ ಊರಿಗೆ ಕಳಿಸಿದರು. ನನ್ನ ಬದಲು ಹೋದ ಹುಡುಗಿ ಈಗ ಟೀವಿಯಲ್ಲಿ ಚರ್ಚೆ ನಡೆಸುತ್ತಾಳೆ.

ಠಾಣೆಯಿಂದ ರಂಗಸ್ವಾಮಿ ಎಂಬ ಪೇದೆ ಬಂದ ದಿನ ನಾನು ಕಾಲೇಜಿನಲ್ಲಿ, ಮಾರಿಸೆಲ್ ಕಾರ್ಖಾನೆಯಲ್ಲಿ, ಅಮ್ಮ ಗೂಳೂರಿನ ನೆಂಟರ ಮನೆಯಲ್ಲಿ. ಸಾಯಂಕಾಲ ನಾನು ಬಸ್ಸಿಳಿದು ಬಂದರೆ ಬೀದಿಗೆ ಬೀದಿಯೇ ಗೆದ್ದು ಬಂದ ಸೈನ್ಯದ ಹಾಗೆ ನಿಂತಿತ್ತು. ಸಿದ್ದಣ್ಣ ಅಂಗಡಿಯಿಂದ ಇಳಿದು ಬಂದು, ಗುಟ್ಟಿನ ದನಿಯಲ್ಲಿ, ಆದರೆ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ, ಪೊಲೀಸ್ ಬಂದಿದ್ದ, ಮಾರಕ್ಕನ್ನ ಕೇಳಿದ, ಅಂಥ ಫಾರಿನ್ ಹೆಂಗಸನ್ನ ನಾವು ಕಂಡೇ ಇಲ್ಲ ಅಂದ್ವಿ ಎಂದ. ನೂರ್ ಆಂಟಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಮಹಡಿ ಮನೆ ಖಾಲಿ ಇದೆ, ಹುಣಸೆಹಣ್ಣು ಒಣಗಲು ಹಾಕಿದ್ದಾರೆ ಎಂದಿದ್ದರಂತೆ. ಪಾಪ, ಹುಣಸೆಹಣ್ಣು ತೋರಿಸಿ ಎಂದು ಅವನು ಕೇಳಲಿಲ್ಲ. ಅಜ್ಜಿ ಜಗಲಿಯ ಮೇಲೆ ಕೂತು, ಎಲ್ಲರ ಮಾತು ಮುಗಿದ ಮೇಲೆ, ತೀರ್ಪು ಕೊಡುವವಳ ಹಾಗೆ ಹೇಳಿದಳು: ‘ನಾನೂ ಅಂದೆ ಕಣೇ. ಊರಿಗೆ ಹೋಗವ್ಳೆ ಅಂದೆ.’

ಕಂಡೇ ಇಲ್ಲ, ಮನೆ ಖಾಲಿ, ಊರಿಗೆ ಹೋಗಿದ್ದಾಳೆ. ಈ ಮೂರು ಸಾಕ್ಷ್ಯಗಳು ಒಂದಕ್ಕೊಂದು ಹೊಂದುವುದಿಲ್ಲ ಎನ್ನುವುದು ಕಾನೂನು ಓದದವರಿಗೂ ಗೊತ್ತಾಗುತ್ತದೆ. ಆದರೆ ಮೂರರ ಒಟ್ಟು ಅರ್ಥ ಒಂದೇ: ಆ ವಿಳಾಸದಲ್ಲಿ ಅವಳಿಲ್ಲ. ರಂಗಸ್ವಾಮಿ ಕೇಳಿದ್ದನ್ನು ಕೇಳಿದ ಹಾಗೆ ಬರೆದ. ಅವನ ತಪ್ಪೇನು?

ತುಮಕೂರಿನ ಮೇಡಮ್ ನಮ್ಮನ್ನು ಮತ್ತೆ ಕರೆಸಿದರು. ವರದಿಯಲ್ಲಿರುವುದನ್ನು ನಾನು ಇಂಗ್ಲಿಷಿನಲ್ಲಿ ಮಾರಿಸೆಲ್‌ಗೆ ಹೇಳಿದೆ. ನನಗೆ ಅವಳು ಗಾಬರಿಯಾಗುತ್ತಾಳೆ, ಮಗಳ ಬಗ್ಗೆ ಕೇಳುತ್ತಾಳೆ ಎಂದಿತ್ತು. ಅವಳು ಅದು ಯಾವುದನ್ನೂ ಕೇಳಲಿಲ್ಲ. ವಾಪಸ್ ಬರುವಾಗ ಬಸ್ಸು ತುಮಕೂರಿನ ಗುಬ್ಬಿ ಗೇಟ್ ದಾಟಿದ ಮೇಲೆ ಮೆಲ್ಲಗೆ ಕೇಳಿದಳು: ‘ಅವರಿಗೆ ನಾನು ಬೇಡ್ವಾ? ನೂರ್‌ಗೂ ಬೇಡ್ವಾ?’

ನಾನು ಇಷ್ಟು ವರ್ಷ ಮಾಡಿದ ಚರ್ಚೆಗಳಲ್ಲಿ ಇಷ್ಟು ಕಷ್ಟದ ವಿಷಯ ಎಂದೂ ಸಿಕ್ಕಿರಲಿಲ್ಲ. ನೀನು ಯಾರೆಂದೇ ಗೊತ್ತಿಲ್ಲ ಎಂದು ಪೊಲೀಸಿಗೆ ಹೇಳಿದ್ದು ನಿನ್ನ ಮೇಲಿನ ಪ್ರೀತಿಯಿಂದ ಎಂದು ಸಾಧಿಸಬೇಕಿತ್ತು. ಸಾಧಿಸಿದೆ. ತಾತನ ಕಥೆ ಹೇಳಿದೆ, ಅಮೀನನ ಕಥೆ ಹೇಳಿದೆ. ಅವಳು ಸೌಜನ್ಯದಿಂದ ತಲೆಯಾಡಿಸಿ, ಕಿಟಕಿಯಿಂದ ಹೊರಗೆ ನೋಡಿದಳು. ಆ ವಾರ ಮೀನಿನ ದಿನ ನೂರ್ ಆಂಟಿಯ ಮನೆಗೆ ಹೋಗಲಿಲ್ಲ. ವಾರವಾರ ಮಹಡಿಯಿಂದ ನಮಗೆ ಬರುತ್ತಿದ್ದ ಅವಳ ಕೊಬ್ಬರಿ ಮಿಠಾಯಿಯ ತಟ್ಟೆಯೂ ಕೆಳಗಿಳಿಯಲಿಲ್ಲ. ಮಾರಕ್ಕನಿಗೆ ಏನೋ ಬೇಜಾರಾಗಿದೆ, ಪೊಲೀಸಿನವರು ಏನಂದರೋ ಪಾಪ ಎಂದು ಬೀದಿ ಪೊಲೀಸರನ್ನು ಬೈದುಕೊಂಡಿತು. ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಮ್ಮ ಜಗಲಿಯ ಮೇಲೆ ಸಭೆ ಸೇರಿಸಿದೆ. ಸುಳ್ಳಿನಿಂದ ಆದ ಅನಾಹುತವನ್ನು ಪೀಠಿಕೆ, ವಿಷಯ, ಉಪಸಂಹಾರ ಸಮೇತ ವಿವರಿಸಿದೆ. ಮೆಡಲಿನ ವಿಷಯ ಹೇಳಿದಾಗ ನೂರ್ ಆಂಟಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಿದ್ದಣ್ಣ ತಲೆ ತಗ್ಗಿಸಿದ. ಎಲ್ಲ ನನ್ನ ಕಡೆ ವಾಲುತ್ತಿದ್ದಾಗ ಅಜ್ಜಿ ಬಾಯಿ ತೆರೆದಳು.

‘ಒಳ್ಳೇದಕ್ಕೆ ಬಂದೋರು ಹೆಸ್ರು ಕೇಳಲ್ಲ ಕಣೇ. ನೆಟ್ಟಗೆ ಒಳಿಕ್ಕೆ ಬತ್ತಾರೆ. ಬಾಗ್ಲಲ್ಲಿ ನಿಂತ್ಕಂಡು ಇಂಥೋರು ಅವ್ರಾ ಅಂತ ಕೇಳೋನು ಯಾವತ್ತಾನ ಒಳ್ಳೇದ್ ತಂದಿರೋದ ನೋಡಿದಿಯಾ ನೀನು?’

ನನ್ನ ರಾಜ್ಯಮಟ್ಟದ ಸ್ಪರ್ಧೆಯ ಸಂಘಟಕರನ್ನು ಉದಾಹರಣೆ ಕೊಟ್ಟೆ.

‘ಅವ್ನೂ ಒಳಿಕ್ಕೆ ಬರ್ಲಿಲ್ಲ, ಬುಡು’ ಎಂದಳು ಅಜ್ಜಿ.

ಸಭೆ ಅಜ್ಜಿಯ ಮಾತಿಗೆ ನಕ್ಕಿತು. ನ್ಯಾಯಾಧೀಶರಿಲ್ಲದ ಚರ್ಚೆಯಲ್ಲಿ ನಕ್ಕವರೇ ನ್ಯಾಯಾಧೀಶರು. ಆದರೂ ಕಡೆಗೆ, ಮಾರಕ್ಕನ ಮಗಳಿಗೋಸ್ಕರ, ಪೊಲೀಸಿನವನು ಬಂದರೆ ನಿಜ ಹೇಳುವುದೆಂದು ಎಲ್ಲರೂ ಒಪ್ಪಿದರು. ಒಪ್ಪುವಾಗ ಅವರ ಮುಖದಲ್ಲಿ ಏನೋ ಹುರುಪು ಕಂಡಿತು. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಮರುತನಿಖೆಗೆ ರಂಗಸ್ವಾಮಿ ಬಂದಾಗಲೂ ನಾನಿರಲಿಲ್ಲ. ಮಾರಿಸೆಲ್ ಇಲ್ಲಿದ್ದಾಳಾ ಎಂದು ಅವನು ಪೂರ್ತಿ ಕೇಳುವ ಮೊದಲೇ ಇದ್ದಾಳೆ ಎಂದು ಎಲ್ಲರೂ ಮುಗಿಬಿದ್ದರಂತೆ. ಎಷ್ಟು ದಿನದಿಂದ ಇದ್ದಾರೆ ಎಂದು ಕೇಳಿದ್ದಾನೆ. ಆ ಕಾಲಂ ತುಂಬಿಸಬೇಕಲ್ಲ, ಪಾಪ. ನಿಜದ ಉತ್ತರ, ನಾಲ್ಕೈದು ತಿಂಗಳು. ಆದರೆ ಅಷ್ಟು ಕಡಿಮೆ ಹೇಳಿದರೆ ಮಾರಕ್ಕನಿಗೆ ತೊಂದರೆಯಾದರೆ? ಸಿದ್ದಣ್ಣ, ತಾನು ಅಂಗಡಿ ಹಾಕಿದಾಗಿನಿಂದ ನೋಡುತ್ತಿದ್ದೇನೆ ಎಂದ. ಅವನು ಅಂಗಡಿ ಹಾಕಿದಾಗ ನಾನೇ ಹುಟ್ಟಿರಲಿಲ್ಲ. ನೂರ್ ಆಂಟಿ, ತಮ್ಮ ದೊಡ್ಡ ಮಗಳ ಮದುವೆಯಲ್ಲಿ ಇವಳೇ ನಿಂತು ಬಿರಿಯಾನಿ ಬಡಿಸಿದಳು ಎಂದರು. ಆ ಮಗಳ ಮಗ ಈಗ ಶಾಲೆಗೆ ಹೋಗುತ್ತಾನೆ. ಅಜ್ಜಿ ಮಾತ್ರ ಯಾವ ವಿವರಕ್ಕೂ ಹೋಗದೆ, ‘ನಮ್ಮನೆ ಮಗ್ಳು ಕಣಪ್ಪ, ಈ ಜಗಲಿ ಮೇಲೇ ಆಡಿ ಬೆಳೆದೋಳು’ ಎಂದು ಮುಗಿಸಿದ್ದಳು.

ತುಮಕೂರಿನ ಮೇಡಮ್ ಎರಡೂ ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನನ್ನನ್ನು ನೋಡಿದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ನಿಭಾಯಿಸುತ್ತಿದ್ದೆ.

‘ನೀವೇ ಹೇಳಿಮ್ಮ. ಇದು ನಿಜ ಆದ್ರೆ ಇವ್ರು ಇಲ್ಲಿಲ್ಲ. ಅದು ನಿಜ ಆದ್ರೆ ಇವ್ರು ವಿದೇಶಿಯವರೇ ಅಲ್ಲ, ನನ್ನ ಹತ್ರ ಬರೋದೇ ಬೇಡ. ನಾನು ಯಾವುದಕ್ಕೆ ಸೈನ್ ಹಾಕ್ಲಿ?’

ಇಷ್ಟು ಸೊಗಸಾದ ಇಕ್ಕಟ್ಟಿನ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಚಪ್ಪಾಳೆ ತಟ್ಟಬೇಕೆನಿಸಿತು. ಪಕ್ಕದಲ್ಲಿದ್ದ ಮಾರಿಸೆಲ್‌ಗೆ ಎರಡನೆಯ ವರದಿಯನ್ನು ವಿವರಿಸಿದೆ. ಅಜ್ಜಿಯ ಮಾತಿಗೆ ಬಂದಾಗ ಅವಳು ನಡುವೆ ತಡೆದು, ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಪರವಾನಗಿ ಕೈಗೆ ಸಿಗದೆ ಹೋದ ಹೆಂಗಸು ಆ ಕುರ್ಚಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೇಡಮ್ಮಿಗೂ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಮುಂದಿನ ವಾರ ವಿಮಾನ ಎನ್ನುವುದು ಅಲ್ಲಿ ನನಗೊಬ್ಬಳಿಗೇ ನೆನಪಿದ್ದ ಹಾಗಿತ್ತು. ಪೇದೆ ಬಂದು ಖುದ್ದಾಗಿ ಮಾರಿಸೆಲ್ ಅವರನ್ನೇ ನೋಡಿ ಹೋಗಲಿ, ಬೀದಿಯವರನ್ನು ಮಾತ್ರ ಏನೂ ಕೇಳುವುದು ಬೇಡ ಎಂದು ಮೇಡಮ್ ದಾರಿ ತೋರಿಸಿದರು. ಅವತ್ತು ಸಾಯಂಕಾಲ ಮಾರಿಸೆಲ್ ಮನೆಗೂ ಹೋಗದೆ ನೇರವಾಗಿ ನೂರ್ ಆಂಟಿಯ ಅಡುಗೆಮನೆಗೆ ಹೋದಳು.

ಭಾನುವಾರ. ಮಾರಿಸೆಲ್ ನಮ್ಮ ಅಡುಗೆಮನೆಯಲ್ಲಿ ಅವಳ ದೇಶದ ರೀತಿಯಲ್ಲಿ ಬಾಳೆಹಣ್ಣನ್ನು ಬೆಲ್ಲದಲ್ಲಿ ಹೊರಳಿಸಿ ಕರಿಯುತ್ತಿದ್ದಳು; ಅಜ್ಜಿ ಪಕ್ಕದಲ್ಲಿ ನಿಂತು ಎಣ್ಣೆ ಕಾದಿಲ್ಲ ಎಂದು ಬೈಯುತ್ತಿದ್ದಳು. ಇಬ್ಬರ ನಡುವೆ ಭಾಷೆಯಿಲ್ಲ, ಆದರೆ ಜಗಳ ಸರಾಗವಾಗಿ ನಡೆಯುತ್ತಿತ್ತು. ನಾನು ಗೇಟಿನ ಹತ್ತಿರ ಸಹಪಾಠಿಯೊಬ್ಬಳ ಜೊತೆ ಫೋನಿನಲ್ಲಿದ್ದೆ. ಪ್ರಮಾಣ ಮಾಡಿ ಸುಳ್ಳು ಹೇಳುವ ಸಾಕ್ಷಿಗೆ ಶಿಕ್ಷೆ ಸಾಲದು ಎಂದು ಅವಳಿಗೆ ಮನದಟ್ಟು ಮಾಡಿಸುತ್ತಿದ್ದೆ. ಬೈಕೊಂದು ಬಂದು ನಿಂತಿತು. ಬಿಳಿ ಷರಟು, ಹೆಲ್ಮೆಟ್ಟು, ಕಂಕುಳಲ್ಲಿ ಫೈಲು.

‘ಮಾರಿಸೆಲ್ ಅನ್ನೋರು ಇದಾರಾ?’

‘ಊರಿಗೆ ಹೋಗಿದಾರೆ’ ಎಂದೆ, ಫೋನಿನಿಂದ ಬಾಯಿ ತೆಗೆಯದೆ.

ಮಾತು ಹೊರಬಿದ್ದ ಮೇಲೆ ಅದರ ದನಿ ನನ್ನದೇ ಎಂದು ತಿಳಿಯಿತು. ಅವನು ಹೆಲ್ಮೆಟ್ ತೆಗೆದ. ನಲವತ್ತು ದಾಟಿದ, ಮುಖದಲ್ಲಿ ಬೇಸರವೇ ಮನೆ ಮಾಡಿಕೊಂಡಂಥ ಮನುಷ್ಯ. ಒಳಗಿನಿಂದ ಮಾರಿಸೆಲ್, ಅಜ್ಜಿ ಕಲಿಸಿದ ಕನ್ನಡದಲ್ಲಿ, ‘ಯಾರು ಬಂದವ್ರೆ?’ ಎಂದು ಕೂಗಿದಳು.

‘ನಾನ್ ರಂಗಸ್ವಾಮಿ, ಸ್ಟೇಷನ್ನಿಂದ’ ಎಂದು ಅವನು ನನಗೆ ಹೇಳಿದ. ಆಮೇಲೆ, ‘ಇಡೀ ಬೀದಿಗೆ ಬುದ್ಧಿ ಹೇಳಿದ ಲಾಯರಮ್ಮ ನೀವೇನಾ?’ ಎಂದ.

ಉತ್ತರಕ್ಕೆ ಕಾಯದೆ ನೆಟ್ಟಗೆ ಒಳಗೆ ನಡೆದ. ಅಜ್ಜಿ ಅವನನ್ನು ಕಂಡು, ಒಳಗೆ ಬಂದವನಲ್ಲವೇ, ಬಾರಪ್ಪ ಎಂದು ಮಣೆ ಹಾಕಿ ಕೂರಿಸಿದಳು. ಕರಿದ ಬಾಳೆಹಣ್ಣು ತಿಂದ, ಮಾರಿಸೆಲ್‌ಳನ್ನು ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದ, ಹೋದ. ಪರವಾನಗಿ ಬಂತು. ಬೀದಿಯವರು ಬಸ್ ಸ್ಟ್ಯಾಂಡಿನವರೆಗೂ ಹೋಗಿ ಅವಳನ್ನು ಕಳಿಸಿಕೊಟ್ಟರು. ಆ ಕಳಿಸಿಕೊಟ್ಟ ದಿನವೇ ಸಿದ್ದಣ್ಣನ ಅಂಗಡಿಯಲ್ಲಿ ಪಾರು ಮಾಡಿದ ಕಥೆ ಹುಟ್ಟಿದ್ದು. ಮೊನ್ನೆ ಅವಳು ಫೋಟೋ ಕಳಿಸಿದ್ದಾಳೆ: ವೇದಿಕೆ, ಬಿಳಿ ಉಡುಪಿನ ಲೀಸಾ, ಮೆಡಲಿನ ಪಟ್ಟಿ ಹಿಡಿದ ತಾಯಿಯ ಕೈ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟಿಷ್ಟು ಉಳಿಯುತ್ತಿತ್ತು. ನಿನ್ನೆ ರಂಗಸ್ವಾಮಿ ಮತ್ತೆ ಬಂದ. ಊರಿನಲ್ಲಿರುವ ವಿದೇಶಿಯವರನ್ನೆಲ್ಲ ಆಗಾಗ ನೋಡಿಕೊಂಡು ಹೋಗಬೇಕಂತೆ, ಮಾಮೂಲಿ. ಅದೇ ಗೇಟು, ಅದೇ ಬೈಕು, ಅದೇ ನಾನು. ಮಾರಿಸೆಲ್ ಮೇಡಮ್ ಇದ್ದಾರಾ ಎಂದು ಕೇಳಿದ.

ನಾನು ನೆಟ್ಟಗೆ ನಿಂತು, ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ ಉಚ್ಚರಿಸಿ ಹೇಳಿದೆ: ‘ಊರಿಗೆ ಹೋಗಿದಾರೆ ಸರ್.’

ಅವನ ಬೇಸರದ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಬೈಕಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ಕಳಚಿ, ಜಗಲಿಯ ಮೇಲೆ ಆರಾಮಾಗಿ ಕೂತ. ಮಹಡಿಯ ಕಡೆ ಮುಖ ಮಾಡಿ, ಮೇಡಮ್, ನಿಧಾನಕ್ಕೆ ಬನ್ನಿ, ಅರ್ಜೆಂಟಿಲ್ಲ ಎಂದು ಕೂಗಿದ. ನಾನು ಫೋಟೋ ತೋರಿಸಿದೆ. ಚೆನ್ನಾಗಿದೆ, ಯಾವ ವರ್ಷದ್ದು ಎಂದ. ಅಷ್ಟರಲ್ಲಿ ನೂರ್ ಆಂಟಿ ಎದುರು ಬಾಗಿಲಿನಿಂದ, ಅಲ್ಲಾನಾಣೆ ಊರಿಗೆ ಹೋಗವ್ರೆ ಎಂದರು. ಸಿದ್ದಣ್ಣ ಅಂಗಡಿಯಿಂದ, ನಾನೇ ಬಸ್ ಹತ್ತಿಸಿದೆ ಎಂದ. ಅಜ್ಜಿ ಕಾಫಿ ಲೋಟ ತಂದು ಅವನ ಕೈಗಿಡುತ್ತಾ, ‘ಈ ಸಲ ನಿಜವಾಗ್ಲೂ ಹೋಗವ್ಳೆ ಕಣಪ್ಪ’ ಎಂದಳು. ಒಬ್ಬೊಬ್ಬ ಸಾಕ್ಷಿ ಹೆಚ್ಚಿದಂತೆಲ್ಲ ಅವನ ನಗು ಅಷ್ಟಷ್ಟು ಅಗಲವಾಯಿತು. ಕಾಫಿ ಊದಿ ಊದಿ ಕುಡಿಯುತ್ತಾ, ಆಗಾಗ ಮಹಡಿಯ ಮೆಟ್ಟಿಲ ಕಡೆ ನೋಡುತ್ತಾ ಕೂತೇ ಇದ್ದ.

ಕಡೆಗೆ ನಾನು ಅವನ ಎದುರಿಗೆ ಕೂತು ಕೇಳಿದೆ: ‘ರಂಗಸ್ವಾಮಣ್ಣ, ನಮ್ ಬೀದಿಯೋರು ನಿಜ ಹೇಳ್ತಾ ಇದಾರೆ ಅಂತ ನಿಮಗೆ ಗೊತ್ತಾಗ್ಬೇಕಾದ್ರೆ, ನಾವು ಏನ್ ಹೇಳ್ಬೇಕು?’